ಹದಿನೆಂಟು ತುಂಬಿತು, ಬಾಲಮಂದಿರದಿಂದ ಮುಂದೆಲ್ಲಿಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಬಾಲಮಂದಿರ, ಅನಾಥಾಲಯ, ವೀಕ್ಷಣಾಲಯ (ಕೇಸಿನಲ್ಲಿ ಸಿಕ್ಕ ಮಕ್ಕಳನ್ನು ಇಡುವ ಜಾಗ) ಇವುಗಳಲ್ಲಿ ಬೆಳೆದವರು 18 ತುಂಬಿದ ಮೇಲೆ ಎಲ್ಲಿ ಇರಬೇಕು, ಯಾವ ಕೆಲಸ ಕಲಿಯಬೇಕು, ದುಡ್ಡು ಎಲ್ಲಿಂದ ಬರಬೇಕು ಎಂದು ಕೇಳಿದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಾನು ಸರ್ಕಾರಿ ಬಾಲಮಂದಿರದಲ್ಲಿದ್ದೇನೆ. ಮಾರ್ಚಿನಲ್ಲಿ 18 ತುಂಬುತ್ತದೆ, ದ್ವಿತೀಯ ಪಿಯುಸಿ ಪರೀಕ್ಷೆಯೂ ಆಗಲೇ. ಹುಟ್ಟಿದ ದಿನ ಕಳೆದ ಮರುದಿನವೇ ಹೊರಗೆ ಕಳಿಸುತ್ತಾರಾ? ಅಪ್ಪ ಅಮ್ಮ ಇಲ್ಲ. (ದಾವಣಗೆರೆ)

ಉತ್ತರ: ಕಳಿಸಿ ಕೈ ತೊಳೆದುಕೊಳ್ಳುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಆಫ್ಟರ್‌ಕೇರ್ ಎಂಬ ವ್ಯವಸ್ಥೆ ಇದೆ. 18 ತುಂಬಿ ಸಂಸ್ಥೆ ಬಿಟ್ಟವರಿಗೆ 21 ವರ್ಷದವರೆಗೆ ನೆರವು ಕೊಡುವುದು ಅದರ ಉದ್ದೇಶ. ಓದು ಮುಗಿದಿಲ್ಲ, ಕೆಲಸ ಸಿಕ್ಕಿಲ್ಲ ಎಂಬಂಥ ವಿಶೇಷ ಕಾರಣವಿದ್ದರೆ ಇನ್ನೆರಡು ವರ್ಷ, ಅಂದರೆ 23ರವರೆಗೂ ಮುಂದುವರಿಸಬಹುದು ಎಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಮಕ್ಕಳ ರಕ್ಷಣೆಗೆಂದಿರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ.

ನಿಮಗೆ ಮುಖ್ಯವಾದದ್ದು ಇನ್ನೊಂದು ಅಂಶ. ನೀವು ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ಪರಿವೀಕ್ಷಣಾಧಿಕಾರಿ ಅಥವಾ ಕೇಸ್‌ವರ್ಕರ್ ನಿಮ್ಮ ಮುಂದಿನ ಯೋಜನೆಯನ್ನು ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬೇಕು ಎಂಬ ನಿಯಮವಿದೆ. ನಿಮ್ಮ ಲೆಕ್ಕದಲ್ಲಿ ಅದು ಜನವರಿ. ಅದಕ್ಕೂ ಮೊದಲು, ಡಿಸೆಂಬರಿನಲ್ಲೇ, ನೀವೇ ಒಂದು ಅರ್ಜಿ ಬರೆಯಿರಿ. 'ನನಗೆ ನೆರವು ಬೇಕು' ಎಂದಷ್ಟೇ ಬರೆದರೆ ಕಡತ ಅಲ್ಲೇ ಕೂರುತ್ತದೆ. ಹುಟ್ಟಿದ ದಿನಾಂಕ, ಬಾಲಮಂದಿರ ಸೇರಿದ ವರ್ಷ, ಈಗಿನ ತರಗತಿ, ಮುಂದೆ ಸೇರಬೇಕೆಂದಿರುವ ಕೋರ್ಸ್ ಮತ್ತು ಅದು ಮುಗಿಯುವ ವರ್ಷ, ಉಳಿಯುವ ಜಾಗ ಬೇಕೋ ಹಣ ಬೇಕೋ ಎರಡೂ ಬೇಕೋ, ನಿಮ್ಮ ಹೆಸರಿನ ಬ್ಯಾಂಕ್ ಖಾತೆ ಸಂಖ್ಯೆ, ಇಷ್ಟನ್ನು ಬರೆಯಿರಿ. ಒಂದು ಪ್ರತಿ ಸಮಿತಿಗೆ, ಇನ್ನೊಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮೂರನೆಯ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ನೀವೇ ಇಟ್ಟುಕೊಳ್ಳಿ. ಸಮಿತಿಯ ಆದೇಶ ಕಾಗದದ ಮೇಲೆ ಕೈಗೆ ಬರಲಿ. 'ಆಗುತ್ತೆ ಹೋಗಮ್ಮಾ' ಎಂಬ ಮಾತನ್ನು ಯಾವ ಬ್ಯಾಂಕೂ ಯಾವ ಹಾಸ್ಟೆಲೂ ಒಪ್ಪುವುದಿಲ್ಲ.

ಎಡವುವುದು ಇಲ್ಲಿಯೇ. ಕಾಯ್ದೆಯ 46ನೇ ಕಲಮಿನಲ್ಲಿ ನೆರವು 'ನೀಡಬಹುದು' ಎಂದಿದೆ, 'ನೀಡತಕ್ಕದ್ದು' ಎಂದಿಲ್ಲ. ಆ ಒಂದು ಪದದಿಂದಾಗಿ ಕೇಳಿದವರ ಕಡತ ಮುಂದೆ ಹೋಗುತ್ತದೆ, ಕೇಳದವರದು ಉಳಿಯುತ್ತದೆ. ಗೇಟು ದಾಟಿ ಆರು ತಿಂಗಳಾದ ಮೇಲೆ ಅರ್ಜಿ ಹಾಕಲು ಅಡ್ಡಿಯೇನಿಲ್ಲ. ಆದರೆ ಅಷ್ಟರಲ್ಲಿ ನಿಮ್ಮನ್ನು ಬಲ್ಲ ಅಧೀಕ್ಷಕರಿಗೆ ವರ್ಗವಾಗಿರುತ್ತದೆ, ಕಡತ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಪ್ರಶ್ನೆ: ನಾನು ಖಾಸಗಿ ಮಕ್ಕಳ ಪಾಲನಾ ಸಂಸ್ಥೆಯೊಂದರಲ್ಲಿ ಗೃಹಮಾತೆ. ಈ ವರ್ಷ ನಾಲ್ವರು ಹೆಣ್ಣುಮಕ್ಕಳು ಹೊರಡುತ್ತಾರೆ. ಅವರ ಕೈಗೆ ಏನೇನು ಕಾಗದ ಕೊಟ್ಟು ಕಳಿಸಬೇಕು? (ಕಲಬುರಗಿ)

ಉತ್ತರ: ಕಾಗದಕ್ಕಿಂತ ಮೊದಲು ಒಂದು ಕೆಲಸ ಮಾಡಿಸಿ. ಆ ನಾಲ್ವರ ಆಧಾರ್‌ಗೆ ಯಾವ ಮೊಬೈಲ್ ನಂಬರ್ ಜೋಡಣೆಯಾಗಿದೆ ನೋಡಿ. ಬಹುಪಾಲು ಕಡೆ ಸಂಸ್ಥೆಯ ನಂಬರೋ, ಬಿಟ್ಟುಹೋದ ಯಾವುದೋ ಸಿಬ್ಬಂದಿಯ ನಂಬರೋ ಇರುತ್ತದೆ. ಹುಡುಗಿ ಹುಬ್ಬಳ್ಳಿಯಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬುತ್ತಿರುತ್ತಾಳೆ, ಒಟಿಪಿ ಕಲಬುರಗಿಯಲ್ಲಿ ಯಾರದೋ ಫೋನಿಗೆ ಬರುತ್ತದೆ. ಅವಳ ಹೆಸರಿನಲ್ಲೇ ಸಿಮ್ ಕೊಡಿಸಿ, ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನಂಬರ್ ಬದಲಿಸಿ. ಬೆರಳಚ್ಚು ಕೊಟ್ಟರೆ ಸಾಕು, ಇದಕ್ಕೆ ಬೇರೆ ದಾಖಲೆ ಕೇಳುವುದಿಲ್ಲ. ಆ ನಂಬರನ್ನು ರೀಚಾರ್ಜ್ ಮಾಡದೆ ಬಿಟ್ಟರೆ ಕಂಪನಿ ಅದನ್ನು ಮತ್ತೊಬ್ಬರಿಗೆ ಕೊಡುತ್ತದೆ ಎಂಬುದನ್ನೂ ಹೇಳಿಕೊಡಿ.

ಅಲ್ಲಿಗೆ ಹೋದಾಗಲೇ ಬೆರಳಚ್ಚು ಮತ್ತು ಕಣ್ಣಿನ ಪಾಪೆ ಹೊಸದಾಗಿ ಕೊಟ್ಟಿದ್ದಾರಾ ಕೇಳಿ. 15 ತುಂಬಿದ ಮೇಲೆ ಇದು ಕಡ್ಡಾಯ, 17ರೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಐದು ವರ್ಷದ ಮಗುವಿನ ಬೆರಳಚ್ಚು ಹದಿನೆಂಟರ ಬೆರಳಿಗೆ ಹೊಂದುವುದಿಲ್ಲ. ಸಿಮ್ ಕೊಳ್ಳುವಲ್ಲಿ, ಬ್ಯಾಂಕಿನಲ್ಲಿ, ಪಡಿತರ ಅಂಗಡಿಯಲ್ಲಿ ಎಲ್ಲೆಲ್ಲೂ ತಕರಾರು ಬರುವುದು ಇದರಿಂದಲೇ.

ಇನ್ನು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಲಕ್ಷ್ಮಿ ಬಿ', ಆಧಾರ್‌ನಲ್ಲಿ 'ಲಕ್ಷ್ಮೀ', ಪಾಸ್‌ಬುಕ್ಕಿನಲ್ಲಿ 'ಕು. ಲಕ್ಷ್ಮಿಬಾಯಿ' ಎಂದಿದ್ದರೆ ಮೂವರು ಬೇರೆ ಬೇರೆ ಲಕ್ಷ್ಮಿಯರಾಗುತ್ತಾರೆ. ಅಂಕಪಟ್ಟಿ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಹಾಗಾಗಿ ಅದನ್ನು ಮೂಲ ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಬಹುದು. ಆತುರದಲ್ಲಿ ಒಂದು ಅವಕಾಶ ಕಳೆಯಬೇಡಿ.

ಬ್ಯಾಂಕಿನ ಮಾತಿಗೆ ಬಂದರೆ, ಅಪ್ರಾಪ್ತರ ಖಾತೆ 18ಕ್ಕೆ ತಾನಾಗಿ ದೊಡ್ಡವರ ಖಾತೆ ಆಗುವುದಿಲ್ಲ. ಅವರೇ ಹೋಗಿ ಹೊಸ ಸಹಿ, ಫೋಟೊ, ಕೆವೈಸಿ ಕೊಡಬೇಕು. ಅಧೀಕ್ಷಕರ ಜೊತೆ ಜಂಟಿ ಖಾತೆ ಇದ್ದರೆ ಹೊರಡುವ ಮೊದಲೇ ಒಂಟಿ ಖಾತೆ ಮಾಡಿಸಿ. ಕನಿಷ್ಠ ಮೊತ್ತದ ಕಾಟವಿಲ್ಲದ ಮೂಲ ಉಳಿತಾಯ ಖಾತೆ ಸಾಕು. ಅದರಲ್ಲಿ ತಿಂಗಳಿಗೆ ನಾಲ್ಕು ಸಲ ಹಣ ತೆಗೆಯುವುದು ಉಚಿತ.

ಕೈಗೆ ಕೊಡಬೇಕಾದ ಮೂಲ ಪತ್ರಗಳು: ಟಿಸಿ, ಅಂಕಪಟ್ಟಿಗಳು, ಜಾತಿ ಪ್ರಮಾಣಪತ್ರವಿದ್ದರೆ ಅದು, ಸಮಿತಿಯ ಬಿಡುಗಡೆ ಮತ್ತು ಆಫ್ಟರ್‌ಕೇರ್ ಆದೇಶ, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಲ್ಲಿ ವಾಸವಿದ್ದಳು ಎಂಬ ಲೆಟರ್‌ಹೆಡ್ ಪತ್ರ, ಲಸಿಕೆ ಮತ್ತು ಆಸ್ಪತ್ರೆಯ ಚೀಟಿಗಳು, ರಕ್ತದ ಗುಂಪು. ಜೊತೆಗೆ ಅವಳ ಹಳೆಯ ಫೋಟೊಗಳು. ಇವನ್ನು ಯಾವ ಕಚೇರಿಯೂ ಕೇಳುವುದಿಲ್ಲ, ಆದರೂ ಕೊಡಿ. ಬೀರುವಿನಲ್ಲಿ 'ಸುರಕ್ಷಿತವಾಗಿ' ಉಳಿದ ಮೂಲ ಅಂಕಪಟ್ಟಿ ಕಾಲೇಜು ಪ್ರವೇಶದ ಕೊನೆಯ ದಿನ ಯಾರಿಗೂ ಸಿಗುವುದಿಲ್ಲ. ಡಿಜಿಲಾಕರ್‌ಗೆ ಹಾಕಿಸಿದರೆ ಒಳ್ಳೆಯದು, ಅದೂ ಅವಳ ನಂಬರಿನಿಂದ.

ಪ್ರಶ್ನೆ: ಆಫ್ಟರ್‌ಕೇರ್ ಮಂಜೂರಾಗಿದೆ ಎಂದರು. ನಾಲ್ಕು ತಿಂಗಳಾದರೂ ಹಣ ಬಂದಿಲ್ಲ. ಕೇಳಿದರೆ 'ಹಾಕಿದ್ದೇವೆ' ಅನ್ನುತ್ತಾರೆ. (ವಿಜಯಪುರ)

ಉತ್ತರ: ಹಾಕಿರಲೂಬಹುದು, ಬೇರೆ ಖಾತೆಗೆ ಹೋಗಿರಲೂಬಹುದು. ಆಧಾರ್ ಆಧಾರದ ಮೇಲೆ ಹಣ ಹಾಕಿದರೆ ಅದು ನೀವು ಬರೆದುಕೊಟ್ಟ ಖಾತೆಗೆ ಹೋಗುವುದಿಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಹೈಸ್ಕೂಲಿನಲ್ಲಿ ವಿದ್ಯಾರ್ಥಿವೇತನಕ್ಕೆಂದು ತೆರೆದು ಮರೆತ ಖಾತೆ ಇದ್ದರೆ ಮೊದಲು ಅದನ್ನು ನೋಡಿ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ತೋರಿಸುವ ಪುಟವಿದೆ, ಒಟಿಪಿ ಹಾಕಿದರೆ ಬ್ಯಾಂಕಿನ ಹೆಸರು ಬರುತ್ತದೆ. ಎರಡು ವರ್ಷ ವ್ಯವಹಾರವೇ ಇಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ. ಶಾಖೆಗೆ ಹೋಗಿ ಕೆವೈಸಿ ಕೊಟ್ಟು ಎಬ್ಬಿಸಬೇಕು.

ಅಲ್ಲೂ ಇಲ್ಲವೆಂದರೆ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಪಾವತಿಯ ಯುಟಿಆರ್ ಸಂಖ್ಯೆ, ಅಂದರೆ ಬ್ಯಾಂಕ್ ಪಾವತಿಯ ಗುರುತಿನ ಸಂಖ್ಯೆ, ಕೇಳಿ. ಹಣ ನಿಜಕ್ಕೂ ಹೋಗಿದ್ದರೆ ಆ ಸಂಖ್ಯೆ ಇದ್ದೇ ಇರುತ್ತದೆ. ಸಂಖ್ಯೆ ಸಿಗದಿದ್ದರೆ ಹಣ ಹೋಗಿಲ್ಲವೆಂದೇ ಲೆಕ್ಕ. ಮಿಷನ್ ವಾತ್ಸಲ್ಯಕ್ಕೆ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40 ಪಾಲು. ಕಂತು ತಡವಾದರೆ ಕೆಲವು ತಿಂಗಳು ಸೇರಿ ಒಟ್ಟಿಗೆ ಬರುವುದುಂಟು. ಅದಕ್ಕೇ ಈ 4,000ವನ್ನು ತಿಂಗಳ ಬಾಡಿಗೆಗೆ ನೆಚ್ಚಿಕೊಳ್ಳಬೇಡಿ ಎನ್ನುವುದು.

ಎರಡು ಸಲ ಹೋಗಿಬಂದರೂ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಇದು ಗೊತ್ತಿಲ್ಲದೆ ಮೂರು ಪುಟ ದುಃಖ ಬರೆದವರ ಅರ್ಜಿ ವಾಪಸಾಗಿದೆ. 'ನನ್ನ ಹೆಸರಿಗೆ ಆಫ್ಟರ್‌ಕೇರ್ ಮಂಜೂರಾದ ದಿನಾಂಕ, ಪಾವತಿಸಿದ ಮೊತ್ತ, ದಿನಾಂಕ, ಯುಟಿಆರ್ ಸಂಖ್ಯೆ ಕೊಡಿ' ಎಂದರೆ ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಎಷ್ಟೋ ಸಲ ಉತ್ತರಕ್ಕಿಂತ ಮೊದಲು ಹಣವೇ ಬರುತ್ತದೆ.

ಪ್ರಶ್ನೆ: ಪಿಯುಸಿ ಫೇಲಾಗಿದ್ದೇನೆ. ಇನ್ನು ಓದು ಬೇಡ, ಬೇಗ ದುಡಿಯಬೇಕು. ದಾರಿ ಹೇಳಿ. (ಚಿತ್ರದುರ್ಗ)

ಉತ್ತರ: ಪರೀಕ್ಷೆ–2 ಎಂದು ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. ಒಂದೆರಡು ವಿಷಯ ಮಾತ್ರ ಹೋಗಿದ್ದರೆ ಅದನ್ನು ಮುಗಿಸಿಯೇ ಮುಂದಿನ ಮಾತು. ಆಗುವುದೇ ಇಲ್ಲ ಎಂದಾದರೆ ಎಸ್‌ಎಸ್‌ಎಲ್‌ಸಿ ಮೇಲೆ ಐಟಿಐ ಸೇರಿ. ವೆಲ್ಡರ್ ಒಂದು ವರ್ಷ, ಎಲೆಕ್ಟ್ರಿಷಿಯನ್ ಮತ್ತು ಫಿಟ್ಟರ್ ಎರಡು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಮುಂದೆ ಮನಸ್ಸು ಬದಲಾದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು. ಹಾಗಾಗಿ ಎರಡು ವರ್ಷದ್ದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಅಷ್ಟು ದಿನವೂ ತಾಳಲಾಗದು, ಸ್ವಂತ ಕೆಲಸ ಮಾಡುವ ಮನಸ್ಸಿದೆ ಎನ್ನುವವರು ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯ ತರಬೇತಿ ನೋಡಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಈ ಮಾದರಿಯನ್ನು ನೋಡಿಯೇ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆಗಳು ಬಂದವು. ಮೊಬೈಲ್ ರಿಪೇರಿ, ಹೊಲಿಗೆ, ವೈರಿಂಗ್, ಹೈನುಗಾರಿಕೆ ಮುಂತಾದವನ್ನು ಅಲ್ಲೇ ಉಳಿಸಿಕೊಂಡು, ಊಟ ಹಾಕಿ, ಶುಲ್ಕವಿಲ್ಲದೆ ಕಲಿಸುತ್ತಾರೆ. ಕೋರ್ಸಿಗೆ ತಕ್ಕಂತೆ ಹತ್ತು ದಿನದಿಂದ ತಿಂಗಳೊಂದೂವರೆ. ಮುಗಿಸಿದ ಮೇಲೂ ಎರಡು ವರ್ಷ ವಿಚಾರಿಸುತ್ತಿರುತ್ತಾರೆ, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುತ್ತಾರೆ. ಮನೆಯಿಲ್ಲದವರಿಗೆ ಇದರಲ್ಲಿ ಒಂದು ತೊಡಕಿದೆ. ತರಬೇತಿ ಮುಗಿದ ದಿನ ಗಂಟುಮೂಟೆ ಕಟ್ಟಬೇಕು. ಮರುದಿನ ಎಲ್ಲಿ ಮಲಗುತ್ತೀರಿ ಎಂಬುದು ಸೇರುವ ಮೊದಲೇ ಗೊತ್ತಿರಬೇಕು.

ಅಪ್ರೆಂಟಿಸ್ ಆಗಿ ಸೇರಿದರೆ ಸ್ಟೈಪೆಂಡ್‌ಗೆ ಕಾನೂನಿನ ಕನಿಷ್ಠ ಮಿತಿ ಇದೆ, ಒಪ್ಪಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಯಾಗುತ್ತದೆ. ನೋಂದಣಿಯೇ ಇಲ್ಲದೆ 'ಕೆಲಸ ಕಲಿ, ಸಂಬಳ ಆಮೇಲೆ' ಎನ್ನುವ ಕಡೆ ನಿಲ್ಲಬೇಡಿ. ಕೆಲಸ ಕೊಡಿಸಲು ಮುಂಗಡ ಕೇಳುವವರ ಹತ್ತಿರ ಕೆಲಸ ಇರುವುದಿಲ್ಲ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವವರ ಹತ್ತಿರ ಹೋಗಲೇಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ರೂಮು ಕೇಳಿದ ಕಡೆಯೆಲ್ಲ 'ಅಪ್ಪ ಅಮ್ಮನ್ನ ಕರ್ಕೊಂಡು ಬಾರಮ್ಮ' ಅನ್ನುತ್ತಾರೆ. ಬಾಲಮಂದಿರ ಅಂದರೆ ಮುಖ ಬದಲಾಗುತ್ತದೆ. (ತುಮಕೂರು)

ಉತ್ತರ: ನಿಮ್ಮ ಪೂರ್ತಿ ಕಥೆಯನ್ನು ಬಾಡಿಗೆ ಮನೆಯವರಿಗೆ ಹೇಳಬೇಕಾದ್ದಿಲ್ಲ, ಸುಳ್ಳನ್ನೂ ಹೇಳಬೇಕಾದ್ದಿಲ್ಲ. 'ತಂದೆ ತಾಯಿ ಇಲ್ಲ, ಹಾಸ್ಟೆಲಿನಲ್ಲಿ ಓದಿದೆ. ತುರ್ತಿಗೆ ಇವರ ನಂಬರ್ ಬರೆದುಕೊಳ್ಳಿ' ಎನ್ನಿ. ಆ ನಂಬರ್ ಯಾರದೆಂದು ಬೆಂಗಳೂರಿನ ಬಸ್ಸು ಹತ್ತುವ ಮೊದಲೇ ಗೊತ್ತುಮಾಡಿಕೊಳ್ಳಿ. ಹಳೆಯ ಶಿಕ್ಷಕಿ, ಅಧೀಕ್ಷಕರು, ಮಕ್ಕಳ ರಕ್ಷಣಾ ಘಟಕದ ಆಪ್ತಸಮಾಲೋಚಕಿ ಯಾರಾದರೂ ಆಗಬಹುದು, ಫೋನು ಬಂದರೆ ಎತ್ತಿ 'ಹೌದು, ನಮ್ಮ ಹುಡುಗಿ' ಅನ್ನುವವರಾಗಿರಬೇಕು.

ಮೊದಲ ಆರು ತಿಂಗಳಿಗೆ ಪ್ರತ್ಯೇಕ ಮನೆ ಬೇಡ. ಮುಂಗಡ ದೊಡ್ಡದು, ಪಾತ್ರೆ, ಗ್ಯಾಸು, ಬಕೆಟ್ಟಿನಿಂದ ಹಿಡಿದು ಎಲ್ಲ ಕೊಳ್ಳಬೇಕು. ಮೊದಲು ಕೇಳಬೇಕಾದ್ದು ಸಖಿ ನಿವಾಸ, ಅಂದರೆ ಕೇಂದ್ರದ ನೆರವಿನ ಮಹಿಳಾ ಉದ್ಯೋಗಿಗಳ ವಸತಿ ನಿಲಯ. ಅಲ್ಲಿನ ಬಾಡಿಗೆಗೆ ಮಿತಿ ಹಾಕಿದ್ದಾರೆ: ಒಬ್ಬರ ಕೋಣೆಗೆ ನಿಮ್ಮ ಒಟ್ಟು ಸಂಬಳದ ಶೇ. 15, ಇಬ್ಬರ ಕೋಣೆಗೆ ಶೇ. 10, ಡಾರ್ಮಿಟರಿಗೆ ಶೇ. 7.5 ಮೀರುವಂತಿಲ್ಲ. ಊಟದ ಲೆಕ್ಕ ಬೇರೆ. ಜಾಗ ಕಡಿಮೆ, ಹೆಸರು ಬರೆಸಿ ಕಾಯಬೇಕಾಗುತ್ತದೆ.

ಅದು ಸಿಗುವವರೆಗೆ ಪಿಜಿ. ಹಣ ಕೊಡುವ ಮೊದಲು ನಾಲ್ಕು ಮಾತು ಬರವಣಿಗೆಯಲ್ಲಿರಲಿ, ವಾಟ್ಸಾಪ್ ಮೆಸೇಜ್ ಆದರೂ ಸರಿ: ಮುಂಗಡ ಎಷ್ಟು, ಬಿಡುವಾಗ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮೊದಲು ಹೇಳಬೇಕು, ಬಾಡಿಗೆಯಲ್ಲಿ ಮಧ್ಯಾಹ್ನದ ಡಬ್ಬಿ ಸೇರಿದೆಯೋ ಇಲ್ಲವೋ. ಒಂದು ತಿಂಗಳ ಮುಂಗಡ ತೆಗೆದುಕೊಂಡು 'ಮೇಂಟೆನೆನ್ಸ್' ಎಂದು ಅರ್ಧ ಹಿಡಿದುಕೊಳ್ಳುವುದು ಸಾಮಾನ್ಯ ಜಗಳ. ನಗದು ಕೊಡಬೇಡಿ, ಯುಪಿಐ ಮಾಡಿದರೆ ಗುರುತು ಉಳಿಯುತ್ತದೆ. ಸೇರಿದ ದಿನ ಕೋಣೆಯ, ಮಂಚದ, ಬೀರುವಿನ ಫೋಟೊ ತೆಗೆದಿಡಿ.

ಹುಡುಗರಿಗೆ ಹೇಳುವುದಾದರೆ, ಆರರಿಂದ ಎಂಟು ಜನ ಸೇರಿ ಇರುವ ಗುಂಪು ಮನೆಯ ವ್ಯವಸ್ಥೆಯೂ ಮಾದರಿ ನಿಯಮಗಳಲ್ಲಿದೆ. ನಿಮ್ಮ ಜಿಲ್ಲೆಯಲ್ಲಿ ನಡೆಯುತ್ತಿದೆಯೇ ಎಂದು ಘಟಕದಲ್ಲಿ ಕೇಳಿ. ಕಾಲೇಜು ಓದುವವರಿಗೆ ಸಮಾಜ ಕಲ್ಯಾಣ ಇಲಾಖೆ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲೇ ಸರಿ. ಹಿಂದುಳಿದ ವರ್ಗದವರಿಗೆ ಅಲ್ಲಿ ಸೀಟು ಸಿಗದಿದ್ದರೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಬರುತ್ತದೆ.

ಪ್ರಶ್ನೆ: ಸಂಬಳ 15,000 ಅಂದಿದ್ದರು. ಬ್ಯಾಂಕಿಗೆ ಬಂದದ್ದು 13,087. ಮೋಸವಾ? (ಬೆಂಗಳೂರು)

ಉತ್ತರ: ಮೋಸವಲ್ಲ, ಲೆಕ್ಕ ಸರಿಯಾಗಿದೆ. ಪಿಎಫ್ ಶೇ. 12, ಅಂದರೆ 1,800. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಶೇ. 0.75, ಅಂದರೆ 112 ರೂಪಾಯಿ 50 ಪೈಸೆ, ಅದನ್ನು 113 ಮಾಡುತ್ತಾರೆ. ಒಟ್ಟು 1,913 ಹೋಯಿತು. ಕಂಪನಿಯೂ ತನ್ನ ಪಾಲು ಕಟ್ಟಬೇಕು. ಸ್ಲಿಪ್ಪಿನಲ್ಲಿ ಪಿಎಫ್ ಹಿಡಿದು ಯುಎಎನ್ ನಂಬರೇ (ನಿಮ್ಮ ಪಿಎಫ್‌ನ ಗುರುತಿನ ಸಂಖ್ಯೆ) ಕೊಡದಿದ್ದರೆ ಆಗ ಅನುಮಾನಪಡಿ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿದರೆ ಕಟ್ಟಿದ್ದಾರೋ ಇಲ್ಲವೋ ತಿಳಿಯುತ್ತದೆ. ಕೆಲಸ ಬದಲಿಸಿದರೂ ಯುಎಎನ್ ಒಂದೇ ಇರಲಿ. ಇಎಸ್‌ಐ ಕಾರ್ಡನ್ನು ಮೂಲೆಗೆ ಎಸೆಯಬೇಡಿ. ಜ್ವರ ಬಂದು ಮಲಗಿದಾಗ ಗಂಜಿ ಕಾಯಿಸಿ ಕೊಡುವವರಿಲ್ಲದವರಿಗೆ ಕಾಯಿಲೆಯ ರಜೆಯ ದಿನಗಳಿಗೆ ಸಂಬಳದ ಶೇ. 70ರಷ್ಟು ಹಣ ಬರುವುದು ಅದರಿಂದ.

ಸಂಬಳ ಹಂಚುವುದಕ್ಕಿಂತ ಕಷ್ಟದ್ದು ಮೊದಲ ಸಂಬಳದವರೆಗಿನ ದಿನಗಳು. 10ನೇ ತಾರೀಖು ಕೆಲಸಕ್ಕೆ ಸೇರಿದರೆ ಮುಂದಿನ ತಿಂಗಳು 7ಕ್ಕೆ ಬರುವುದು ಮೂರು ವಾರದ ಸಂಬಳ ಮಾತ್ರ. ಊಟ ಸೇರಿ ಪಿಜಿ 6,000 ಎಂದಿಟ್ಟುಕೊಳ್ಳಿ. ಮುಂಗಡ 6,000, ಮೊದಲ ತಿಂಗಳು 6,000, ಎರಡನೇ ತಿಂಗಳ ಬಾಡಿಗೆಯ ದಿನವೂ ಸಂಬಳದ ದಿನವೂ ಹತ್ತಿರ ಹತ್ತಿರ. ಓಡಾಟ, ಫೋನು, ಒಂದು ಜೊತೆ ಚಪ್ಪಲಿ, ಎರಡು ಜೊತೆ ಬಟ್ಟೆ ಸೇರಿದರೆ 16,000ದಿಂದ 18,000 ಕೈಯಲ್ಲಿರಬೇಕು. ಇದಿಲ್ಲದೆ ಹೊರಟವರೇ ಮೂರನೇ ವಾರದಲ್ಲಿ ಸಾಲದ ಆ್ಯಪ್‌ಗಳ ಬಾಯಿಗೆ ಬೀಳುವುದು. ಸಂಸ್ಥೆ ಬಿಡುವಾಗ ಎಫ್‌ಡಿ ಇದ್ದರೆ ಅದನ್ನು ಪೂರ್ತಿ ಒಡೆಯದೆ ಇಷ್ಟನ್ನು ಮಾತ್ರ ತೆಗೆಯಿರಿ.

13,087ರಲ್ಲಿ ಪಿಜಿಗೆ 6,000, ಫೋನಿಗೆ 300, ಸೋಪು ಬಟ್ಟೆ ಇತ್ಯಾದಿಗೆ 1,500, ಆರ್‌ಡಿಗೆ 2,000 ಹೋದರೆ 3,287 ಉಳಿಯುತ್ತದೆ. ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆ ಇರುವುದರಿಂದ ಓಡಾಟದ ಖರ್ಚು ಇಲ್ಲ. ಆರ್‌ಡಿ ಕಂತು ಸಂಬಳದ ಮರುದಿನವೇ ತಾನಾಗಿ ಕಡಿತವಾಗುವಂತೆ ಇಡಿ, ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟುತ್ತೇನೆ ಎಂದರೆ ಆಗುವುದಿಲ್ಲ.

ಪ್ರಶ್ನೆ: ಹತ್ತು ವರ್ಷ ತಿರುಗಿ ನೋಡದ ಚಿಕ್ಕಪ್ಪ ಈಗ ಬಂದು 'ನಮ್ಮ ಮನೆಗೆ ಬಾ, ಒಂದು ಕಾಗದಕ್ಕೆ ಸಹಿ ಹಾಕು' ಅನ್ನುತ್ತಿದ್ದಾನೆ. ಅಪ್ಪನ ಹೆಸರಿನಲ್ಲಿ ಜಮೀನಿತ್ತು ಎಂದು ಕೇಳಿದ್ದೇನೆ. ನನಗೆ 19. (ಗದಗ)

ಉತ್ತರ: ಸಹಿ ಬೇಡ. ಊಟಕ್ಕೆ ಕರೆದರೆ ಹೋಗಿಬನ್ನಿ, ಪೆನ್ನು ಮುಟ್ಟಬೇಡಿ. ನಿಮಗೆ ಸಮಯದ ಗಡುವು ಇದೆ ಎಂಬುದು ಗೊತ್ತಿರಲಿ. ನೀವು ಅಪ್ರಾಪ್ತರಾಗಿದ್ದಾಗ ಪೋಷಕರೆನಿಸಿಕೊಂಡವರು ನ್ಯಾಯಾಲಯದ ಅನುಮತಿ ಇಲ್ಲದೆ ನಿಮ್ಮ ಪಾಲಿನ ಜಮೀನು ಮಾರಿದ್ದರೆ ಅದನ್ನು ಪ್ರಶ್ನಿಸಲು 18 ತುಂಬಿದ ಮೇಲೆ ಸಾಮಾನ್ಯವಾಗಿ ಮೂರು ವರ್ಷ ಮಾತ್ರ ಅವಕಾಶ. ಅಂದರೆ 21 ತುಂಬುವುದರೊಳಗೆ. ಅವಿಭಕ್ತ ಕುಟುಂಬದ ಆಸ್ತಿಯಾದರೆ ನಿಯಮ ಬೇರೆ. ಅದನ್ನು ವಕೀಲರೇ ಕಾಗದ ನೋಡಿ ಹೇಳಬೇಕು.

ಮೊದಲು ಊರಿನ ಸರ್ವೆ ನಂಬರ್ ತಿಳಿದುಕೊಂಡು ಪಹಣಿ ತೆಗೆಸಿ, ಈಗ ಯಾರ ಹೆಸರಿದೆ ನೋಡಿ. ತಂದೆಯ ಮರಣ ಪ್ರಮಾಣಪತ್ರ ಪಡೆದುಕೊಳ್ಳಿ, ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಚಿಕ್ಕಪ್ಪ ಮಾಡಿಸಿದ ವಂಶವೃಕ್ಷದಲ್ಲಿ ನಿಮ್ಮ ಹೆಸರೇ ಇಲ್ಲದಿರಬಹುದು, ಆಗ ಬಾಲಮಂದಿರದ ದಾಖಲೆ ಮತ್ತು ಶಾಲೆಯ ದಾಖಲೆಯಲ್ಲಿನ ತಂದೆಯ ಹೆಸರು ಕೆಲಸಕ್ಕೆ ಬರುತ್ತದೆ. ಎಲ್ಲ ಹಿಡಿದುಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ವಕೀಲರು ಉಚಿತ.

ಪ್ರಶ್ನೆ: 16ರಲ್ಲಿ ಒಂದು ಕಳ್ಳತನದ ಕೇಸಿನಲ್ಲಿ ವೀಕ್ಷಣಾಲಯದಲ್ಲಿದ್ದೆ, ಬಾಲನ್ಯಾಯ ಮಂಡಳಿಯಲ್ಲಿ ಮುಗಿದಿದೆ. ಈಗ ಕಂಪನಿಯವರು ಪೊಲೀಸ್ ವೆರಿಫಿಕೇಷನ್ ಕೇಳಿದ್ದಾರೆ. (ಮಂಗಳೂರು)

ಉತ್ತರ: ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಆ ಪ್ರಕರಣದಿಂದ ನಿಮಗೆ ಯಾವ ಅನರ್ಹತೆಯೂ ಅಂಟುವುದಿಲ್ಲ. 74ನೇ ಕಲಮು ಇನ್ನೂ ಸ್ಪಷ್ಟವಾಗಿದೆ: ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗ ಮಾಡುವಂತಿಲ್ಲ. ಹಾಗಾಗಿ ಅರ್ಜಿ ಹಾಕಿ. ಠಾಣೆಯಲ್ಲಿ ಹಳೆಯದನ್ನು ಎತ್ತಿದರೆ ಮಂಡಳಿಯ ಅಂತಿಮ ಆದೇಶದ ಪ್ರತಿಯನ್ನೂ ಈ ಎರಡು ಕಲಮುಗಳ ಸಂಖ್ಯೆಯನ್ನೂ ತೋರಿಸಿ. ಅದಕ್ಕೂ ಬಗ್ಗದಿದ್ದರೆ ಮೇಲೆ ಹೇಳಿದ ಕಾನೂನು ಸೇವಾ ಪ್ರಾಧಿಕಾರದಿಂದ ಒಂದು ಪತ್ರ ಬರೆಸಿ. 16 ದಾಟಿದವರನ್ನು ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯ ದೊಡ್ಡವರಂತೆ ವಿಚಾರಿಸಿ ತಪ್ಪಿತಸ್ಥರೆಂದಿದ್ದರೆ ಮಾತ್ರ ಈ ರಕ್ಷಣೆ ಇಲ್ಲ. ಮಂಡಳಿಯಲ್ಲೇ ಮುಗಿದ ನಿಮ್ಮ ಪ್ರಕರಣ ಆ ಗುಂಪಿನದಲ್ಲ.

ಪ್ರಶ್ನೆ: ನಾವು ನಿವೃತ್ತ ಗಂಡ ಹೆಂಡತಿ. ಮಕ್ಕಳು ವಿದೇಶದಲ್ಲಿದ್ದಾರೆ, ಮಹಡಿ ಮೇಲೆ ಕೋಣೆ ಖಾಲಿ ಇದೆ. ಇಂಥ ಮಕ್ಕಳಿಗೆ ಏನಾದರೂ ಮಾಡಬೇಕೆಂದಿದೆ. (ಮೈಸೂರು)

ಉತ್ತರ: ಅಕ್ಕಿ ಚೀಲ, ಕಂಬಳಿ, ಹುಟ್ಟುಹಬ್ಬದ ಕೇಕು ಬಾಲಮಂದಿರಕ್ಕೆ ಸಾಕಷ್ಟು ಬರುತ್ತವೆ. ಗೇಟು ದಾಟಿದವರಿಗೆ ಯಾರೂ ಏನೂ ತರುವುದಿಲ್ಲ. ನೀವು ಅವರ ಕಡೆ ನೋಡುತ್ತಿರುವುದೇ ಸಂತೋಷ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ನೆರವಾಗಲು ಮುಂದೆ ಬರುವ ವ್ಯಕ್ತಿ, ಸಂಸ್ಥೆಗಳ ಪಟ್ಟಿ ಇಡಬೇಕು ಎಂದು ನಿಯಮವಿದೆ. ಅಲ್ಲಿ ಹೆಸರು ಬರೆಸಿ, ಘಟಕದ ಮೂಲಕವೇ ಪರಿಚಯವಾಗಲಿ.

ಕೋಣೆ ಕೊಡುವುದಾದರೆ ಬಿಟ್ಟಿ ಬೇಡ. ಕಡಿಮೆ ಬಾಡಿಗೆ ಗೊತ್ತುಮಾಡಿ, 11 ತಿಂಗಳ ಕರಾರು ಮಾಡಿ, ರಸೀದಿ ಕೊಡಿ. ಕರಾರು ಪತ್ರ ಅವರಿಗೆ ವಿಳಾಸದ ದಾಖಲೆಗೂ ಉಪಯೋಗಕ್ಕೆ ಬರುತ್ತದೆ. ಬಿಟ್ಟಿ ಇದ್ದವರಿಗೆ ತಡವಾಗಿ ಬಂದರೂ ಅಳುಕು, ಗೆಳೆಯ ಬಂದರೂ ಅಳುಕು. ಅದಕ್ಕಿಂತ ಮುಖ್ಯವಾದ ಎಚ್ಚರಿಕೆ ಒಂದಿದೆ. 'ಮನೆ ಮಗಳ ಥರ' ಎಂದು ಕರೆತಂದು ನಾಲ್ಕನೇ ತಿಂಗಳಿಗೆ ಪಾತ್ರೆ, ಬಟ್ಟೆ, ಅಜ್ಜಿಯ ಆರೈಕೆ ಎಲ್ಲ ಅವಳ ಮೇಲೆ ಬೀಳುವುದು ಒಳ್ಳೆಯವರ ಮನೆಯಲ್ಲೂ ನಡೆಯುತ್ತದೆ. ಮನೆಗೆಲಸ ಬೇಕಿದ್ದರೆ ಬೇರೆಯವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ.

ಕೋಣೆಗಿಂತ ಸುಲಭವಾದದ್ದೂ ಇದೆ. ದಸರಾ, ದೀಪಾವಳಿಗೆ ಹಾಸ್ಟೆಲ್ ಖಾಲಿಯಾಗುತ್ತದೆ, ಮೆಸ್ ಮುಚ್ಚುತ್ತದೆ. ಎಲ್ಲರೂ ಊರಿಗೆ ಹೋದಾಗ ಉಳಿಯುವವರು ಇವರೇ. ಆ ನಾಲ್ಕು ದಿನ ಮನೆಗೆ ಕರೆಯಿರಿ. ಪ್ರತಿ ವರ್ಷ ಕರೆಯಲಾಗುವುದಿದ್ದರೆ ಮಾತ್ರ ಶುರುಮಾಡಿ. ಆಸ್ಪತ್ರೆಯ ಫಾರಂನಲ್ಲಿ, ಪಿಜಿ ರಿಜಿಸ್ಟರಿನಲ್ಲಿ ಬರೆಯಲು ನಿಮ್ಮ ನಂಬರ್ ಕೊಡಿ. ಬ್ಯಾಂಕಿಗೆ, ಆಧಾರ್ ಕೇಂದ್ರಕ್ಕೆ ಮೊದಲ ಸಲ ಜೊತೆಗೆ ಹೋಗಿ. ಕೌಂಟರಿನಲ್ಲಿ ಮಾತನಾಡುವುದು ಮಾತ್ರ ಅವರೇ ಆಗಲಿ. ಸಾಲಕ್ಕೆ ಜಾಮೀನು ನಿಲ್ಲಬೇಡಿ. ನಂಬಿಕೆಯ ಪ್ರಶ್ನೆಯಲ್ಲ, ಕಂತು ತಪ್ಪಿದ ದಿನ ಅವರು ನಿಮಗೆ ಮುಖ ತೋರಿಸಲಾಗದೆ ದೂರವಾಗುತ್ತಾರೆ. ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ.

ಪ್ರಶ್ನೆ: ಮೂವತ್ತು ಜನರ ಡಾರ್ಮಿಟರಿಯಲ್ಲಿ ಮಲಗಿ ಅಭ್ಯಾಸ. ಈಗ ಒಬ್ಬನೇ ಇರುವ ರೂಮಿನಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ, ಕೆಲಸಕ್ಕೆ ಹೋಗಲೂ ಮನಸ್ಸಿಲ್ಲ. (ಹುಬ್ಬಳ್ಳಿ)

ಉತ್ತರ: 14416 ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಇವತ್ತೇ ಮಾಡಿ. ಸಾಧ್ಯವಾದರೆ ಇಬ್ಬರು ಇರುವ ರೂಮಿಗೆ ಬದಲಾಯಿಸಿ. ಬಾಡಿಗೆಯೂ ಇಳಿಯುತ್ತದೆ. ಆಫ್ಟರ್‌ಕೇರ್‌ನಲ್ಲಿರುವವರ ಜೊತೆ ಸಂಪರ್ಕದಲ್ಲಿರಲು ಆಪ್ತಸಮಾಲೋಚಕರನ್ನು ಒದಗಿಸಬೇಕು ಎಂದು ಮಾದರಿ ನಿಯಮಗಳಲ್ಲೇ ಇದೆ. ಘಟಕಕ್ಕೆ ಫೋನು ಮಾಡಿ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಪ್ರಶ್ನೆ: ಈ ವರ್ಷ ಡಿಗ್ರಿ ಮುಗಿಯಿತು. ಯುವನಿಧಿ ಸಿಗುತ್ತದಾ? (ರಾಯಚೂರು)

ಉತ್ತರ: ಇದು ರಾಜ್ಯದ ನಿರುದ್ಯೋಗ ಭತ್ಯೆ; ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ ಸಿಗುತ್ತದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಸೇವಾಸಿಂಧುವಿನಲ್ಲಿ ಅರ್ಜಿ. ಮುಂದೆ ಓದಲು ಸೇರಿದವರಿಗೆ ಇಲ್ಲ. ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಸಲ್ಲಿಸದಿದ್ದರೆ ಹಣ ನಿಲ್ಲುತ್ತದೆ.

ಪ್ರಶ್ನೆ: ತಂದೆ ತಾಯಿ ಯಾರೆಂದೇ ಗೊತ್ತಿಲ್ಲ. ವೋಟರ್ ಕಾರ್ಡ್, ಪಾಸ್‌ಪೋರ್ಟ್ ಅರ್ಜಿಯಲ್ಲಿ ಅವರ ಹೆಸರಿನ ಜಾಗದಲ್ಲಿ ಏನು ಬರೆಯಲಿ? (ಉಡುಪಿ)

ಉತ್ತರ: ಮತದಾರರ ಪಟ್ಟಿಗೆ ಸೇರುವ ನಮೂನೆ 6ರಲ್ಲಿ ಸಂಬಂಧಿಕರ ಕಾಲಂನಲ್ಲೇ ಅನಾಥರಿಗೆ ಕಾನೂನುಬದ್ಧ ಪೋಷಕರ ಹೆಸರು ಎಂದು ಆಯ್ಕೆ ಕೊಟ್ಟಿದ್ದಾರೆ. ಮನಸ್ಸಿಗೆ ತೋಚಿದ ಹೆಸರು ಬರೆಯಬೇಡಿ. ಇಂದು ಬರೆದ ಸುಳ್ಳು ಹೆಸರನ್ನೇ ನಾಳೆ ಎಲ್ಲ ದಾಖಲೆಯಲ್ಲೂ ಹೊರಬೇಕಾಗುತ್ತದೆ. ಪಾಸ್‌ಪೋರ್ಟಿಗೂ ಇಬ್ಬರ ಹೆಸರು ಬೇಕೇ ಬೇಕೆಂದಿಲ್ಲ, ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಹೆಸರು ಸಾಕು. ಅನಾಥಾಲಯದಲ್ಲಿ ಬೆಳೆದವರ ಬಳಿ ಹುಟ್ಟಿದ ದಿನಾಂಕದ ದಾಖಲೆ ಇಲ್ಲದಿದ್ದರೆ ಸಂಸ್ಥೆಯ ಮುಖ್ಯಸ್ಥರು ಲೆಟರ್‌ಹೆಡ್ಡಿನಲ್ಲಿ ಬರೆದ ಘೋಷಣೆಯನ್ನು ಒಪ್ಪುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇದ್ದರೆ ಅದೇ ಸಾಕು. ಮತದಾರರ ಪಟ್ಟಿಗೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಎಂದು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಹಾಗಾಗಿ 18 ತುಂಬಿದ ಮೇಲೆ ಮುಂದಿನ ಜನವರಿಯವರೆಗೆ ಕಾಯಬೇಕಾಗಿಲ್ಲ. ವಿಳಾಸಕ್ಕೆ ಈಗ ವಾಸವಿರುವ ಹಾಸ್ಟೆಲಿನದೋ ಪಿಜಿಯದೋ ಕೊಡಿ, ಬಾಲಮಂದಿರದ್ದು ಬೇಡ. ಮತಗಟ್ಟೆ ಅಧಿಕಾರಿ ಮನೆ ಬಾಗಿಲಿಗೆ ವಿಚಾರಿಸಲು ಬಂದಾಗ ನೀವು ಅಲ್ಲಿ ಇರಬೇಕು.